ಕೊಸರು

ಬೋರ್ಡಿನಲ್ಲಿ ವೈನ್ಸ್ ಅಂತಲೇ ಇದೆ.
ಸಾಲಗಾಮೆ ರಸ್ತೆ, ಟೈರ್ ಅಂಗಡಿ ಪಕ್ಕ,
ಕೆಂಪಕ್ಷರ, ಕೊನೆಯ ಒತ್ತಿನ ಬಲ್ಬು ಹೋಗಿ ಎರಡು ವರ್ಷ.
ಹತ್ತೊಂಬತ್ತು ವರ್ಷದಿಂದ ಜಾಲರಿ ಹಿಂದೆ ಕೂತಿದ್ದೇನೆ,
ವೈನು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು:
ಕ್ರಿಸ್‌ಮಸ್ ಕೇಕಿಗೆಂದು ಬೇಕರಿಯವನು,
ಬೇಲೂರಿಗೆ ಹೊರಟು ದಾರಿ ತಪ್ಪಿದ ಒಬ್ಬ ಟೂರಿಸ್ಟು.
ಉಳಿದವರಿಗೆಲ್ಲ ಕ್ವಾರ್ಟರು, ಇಲ್ಲ ತೊಂಬತ್ತರ ಪ್ಯಾಕು.
ಕಿಂಡಿಯೊಳಗೆ ಬರುವುದು ಕೈ ಮಾತ್ರ, ಮುಖವಲ್ಲ.
ಸುಣ್ಣದ ಕೈ, ಗ್ರೀಸಿನ ಕೈ,
ಆಲೂಗಡ್ಡೆ ಮಂಡಿಯ ಮಣ್ಣು ಉಗುರಲ್ಲಿ ಕೂತ ಕೈ.
ಕೈ ನೋಡಿಯೇ ಬ್ರಾಂಡು ತೆಗೆದಿಡುತ್ತೇನೆ.

ಆವತ್ತು ಬಂದ ಕೈಗೆ ವಾಚು ಒಳಮುಖವಾಗಿತ್ತು.
ನಾಡಿ ಹಿಡಿದು ಗಳಿಗೆ ನೋಡುವವರು ಕಟ್ಟುವ ಹಾಗೆ.
‘ಒಂದು ಕೇಸು ವೈನು. ಕೆಂಪು. ಹನ್ನೆರಡೂ ಒಂದೇ ಥರದ್ದು.’
ಬಗ್ಗಿ ನೋಡಿದೆ: ರತ್ನಪ್ರಭಾ ಸಿಸ್ಟರ್!
ದೊಡ್ಡಾಸ್ಪತ್ರೆ ಹೆರಿಗೆ ವಾರ್ಡು.
ನನ್ನ ಎರಡು ಮಕ್ಕಳನ್ನೂ ಮೊದಲು ಎತ್ತಿಕೊಂಡ ಕೈ ಇದು.
ಆಗ ಕಿಂಡಿಯ ಆಚೆ ನಿಂತು ನಡುಗುತ್ತಿದ್ದವನು ನಾನು.
ಹಿಂದೆ ಸಾಲಿನಲ್ಲಿದ್ದವರು
ಬೀಡಿ ಕಾಲಡಿ ಹಾಕಿ, ಲುಂಗಿ ಇಳಿಬಿಟ್ಟು,
ಯಾರೂ ಹೇಳದೆ ಎರಡು ಹೆಜ್ಜೆ ಸರಿದರು.

‘ಪೆನ್ಷನ್ ಮೊಹಲ್ಲಾದಲ್ಲಿ ನಮ್ಮದೊಂದು ಚೀಟಿ, ಹನ್ನೆರಡು ಹೆಂಗಸರು.
ವರ್ಷಾ ವರ್ಷಾ ಉಳಿದ ದುಡ್ಡಿಗೆ ಸ್ಟೀಲ್ ಡಬರಿ.
ಅಟ್ಟ ಹಿಡಿಸ್ತಿಲ್ಲ ಕಣಪ್ಪ. ಈ ಸಲ ಡಬರಿ ಬೇಡ ಅಂತಾಯ್ತು.’

ಡಿಪೋದಿಂದ ಬರಲು ಮೂರು ದಿನ.
ಪೆಟ್ಟಿಗೆ ಒಡೆದು ತೋರಿಸಿದೆ, ರಟ್ಟಿನ ಹನ್ನೆರಡು ಮನೆ,
ಮನೆಗೊಂದು ಕರಿ ತಲೆ.
ಸಿಸ್ಟರು ಒಂದೊಂದರ ನೆತ್ತಿ ಮುಟ್ಟಿ ಎಣಿಸಿದರು,
ಬೆಳಗಿನ ರೌಂಡಿಗೆ ಬಂದವರಂತೆ.
‘ಮಲಗಿಸಿ ಇಡಬೇಕಂತೆ ಮೇಡಂ, ಬರೆದಿದ್ದಾರೆ.’
‘ಮಲಗಿಸೋದನ್ನ ನನಗೆ ಹೇಳ್ಕೊಡ್ತೀಯಾ?’

ಆಮೇಲೆ ಶುರುವಾಯಿತು.
‘ಡಜನ್ ಬಳೆ ತಗೊಂಡ್ರೂ ಒಂದು ಕೊಸರು ಕೊಡ್ತಾರೆ.
ಸೊಪ್ಪಿನವಳು ಕೊತ್ತಂಬರಿ ಹಾಕ್ತಾಳೆ. ನೀನೇನು ಕೊಡ್ತೀಯ?’
ಸರ್ಕಾರದ ರೇಟು, ಒಂದು ರೂಪಾಯಿ ಆಚೀಚೆ ಆಗಲ್ಲ ಎಂದೆ.
ಹತ್ತೊಂಬತ್ತು ವರ್ಷದಲ್ಲಿ ಒಂದು ಕೈಯೂ
ನನ್ನಲ್ಲಿ ಕೊಸರು ಕೇಳಿದ್ದಿಲ್ಲ.
ಚಿಲ್ಲರೆ ಬಿಟ್ಟು ಹೋಗುತ್ತಾರೆ, ಬೈದು ಹೋಗುತ್ತಾರೆ,
ಇನ್ನಷ್ಟು ಕೊಡು ಎಂದು ಹಕ್ಕಿನಿಂದ ನಿಂತವರಿಲ್ಲ.
ಸಾಹುಕಾರರು ಊಟಕ್ಕೆ ಹೋಗಿದ್ದರು.
ಡ್ರಾಯರ್ ತಡಕಿದೆ: ರಬ್ಬರ್ ಬ್ಯಾಂಡು, ಸತ್ತ ಸೆಲ್ಲು,
ಯಾವುದೋ ಕಂಪನಿ ದೀಪಾವಳಿಗೆ ಕೊಟ್ಟ, ಯಾರೂ ಮುಟ್ಟದ
ಬಿರಡೆ ತೆಗೆಯುವ ಸುರುಳಿ.
‘ಇದಿಲ್ಲದೆ ಬಾಯೇ ಬಿಡಲ್ಲ ಮೇಡಂ. ತಗೊಳ್ಳಿ. ವಾಪಸ್ ಕೊಡಿ.’

ಆಟೋದವನು ಪೆಟ್ಟಿಗೆ ಎತ್ತಿದ. ‘ಅಡ್ಡ ಹಿಡೀಬೇಡ್ವೋ!’
ಟೈರ್ ಅಂಗಡಿಯವನೂ ಬೆಚ್ಚಿಬಿದ್ದ.

ತಿಂಗಳು ಕಳೆದು ಕಿಂಡಿಯಲ್ಲಿ ಅದೇ ವಾಚು.
ಬ್ಯಾಂಡೇಜ್ ಬಟ್ಟೆಯಲ್ಲಿ ಸುತ್ತಿದ ಸುರುಳಿ,
ಕುದಿಸಿ ತೆಗೆದಷ್ಟು ಹೊಳಪು.
ಜತೆಗೊಂದು ಬಾಟಲಿ, ತಳದಲ್ಲಿ ನಾಲ್ಕು ಬೆರಳು ಕೆಂಪು.
‘ಹನ್ನೊಂದು ಖಾಲಿ. ಇದು ನಿನ್ನ ಕೊಸರು.’
ಹೇಗಿತ್ತು ಅಂತ ಕೇಳುವಷ್ಟರಲ್ಲಿ
ಕೈ ಹೋಗಿ, ಗ್ರೀಸಿನ ಕೈ ಬಂದಿತ್ತು.

ಅಂಗಡಿಯಲ್ಲಿ ಕುಡಿಯುವಂತಿಲ್ಲ, ಗೋಡೆಯ ಮೇಲೆ ನಾನೇ ಬರೆದದ್ದು.
ಟಿಫನ್ ಬ್ಯಾಗಿನಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಮನೆಗೆ ಬಂದೆ.
ಜಯಶೀಲ ಬಾಗಿಲು ಹಾಕಿದಳು, ಕಿಟಕಿಯನ್ನೂ.
ಸ್ಟೀಲ್ ಲೋಟ ಮೂಗಿಗೆ ಹಿಡಿದಳು.
‘ನೇರಳೆಹಣ್ಣು ಜೇಬಲ್ಲಿಟ್ಟು ಮರೆತಂಗಿದೆ.’
ಕುಡಿದಳು. ಮುಖ ಹಿಂಡಿದಳು. ಇನ್ನೊಂದು ಗುಟುಕು.
‘ಸಿಸ್ಟರು ಈಗಲೂ ಹಂಗೇ ಗದರ್ತಾರಾ?’
‘ಗದರ್ತಾರೆ.’
‘ದೊಡ್ಡವನು ಹುಟ್ಟಿದಾಗ ಗದರಿ ಗದರಿ, ಕೊನೆಗೆ
ನನ್ನ ಕೂದಲು ಬಾಚಿ ಜಡೆ ಹಾಕಿದ್ರು. ನಿಮಗೆ ಹೇಳಿರಲಿಲ್ಲ.’

ಇಷ್ಟು ವರ್ಷದ ಮೇಲೆ ಕೇಳಿದೆ.
ಲೋಟ ಮುಂದೆ ಚಾಚಿದಳು: ‘ಕೊಸರು ಹಾಕಿ.’
ಬಾಟಲಿ ಬೋರಲು ಹಿಡಿದೆ.
ಮೂರು ತೊಟ್ಟು ಬಿತ್ತು.
ನಾಲ್ಕನೆಯದಕ್ಕೆ ಇಬ್ಬರೂ ಕಾದೆವು.